ತಾಯಿಯ ಹೆಬ್ಬೆಟ್ಟು

ಅಕ್ಕ ಹೆಬ್ಬೆರಳನ್ನು ಬಟ್ಟೆಗೆ ತಿಕ್ಕಿ ನಾಲ್ಕನೇ ಸಲ ಗಾಜಿನ ಮೇಲಿಟ್ಟಳು. ಕೆಂಪು ದೀಪ. ಗುಮಾಸ್ತ ಒತ್ತು ಅಂದ, ಒತ್ತಿದಳು. ಹಗುರವಾಗಿ ಇಡು ಅಂದ, ಹಗುರವಾಗಿಟ್ಟಳು. ತಲೆಗೂದಲಿಗೆ ಸವರಿ ಇಡು, ಎಣ್ಣೆ ಹತ್ತಿದರೆ ಹಿಡಿಯುತ್ತದೆ ಅಂದ, ಅದೂ ಆಯಿತು. ಮೆಷಿನ್ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಗೆರೆನೇ ಇಲ್ವಲ್ಲಮ್ಮ ಬೆರಳಲ್ಲಿ. ಎಲ್ಲಿ ಕೆಲಸ?"

"ಸಿಗಡಿ ಶೆಡ್ಡಲ್ಲಿ."

"ಅದಕ್ಕೇ ಮತ್ತೆ! ಬೆಳಿಗ್ಗೆಯಿಂದ ನಿಮ್ಮೋರೇ ಹನ್ನೊಂದು ಜನ ಬಂದ್ರು. ಇಪ್ಪತ್ತು ದಿನ ಕೈ ನೀರಿಗೆ ಹಾಕ್ಬೇಡಿ, ತಾನಾಗೇ ಬರುತ್ತೆ."

ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಇಪ್ಪತ್ತು ದಿನವಂತೆ! ಹೇಳುವವನಿಗೇನು, ಬಾಯಿ ನೋಯುತ್ತದೆಯೇ?

ಶೆಡ್ಡಿನಲ್ಲಿ ಹಿರಿಯರು ಕಿರಿಯರು ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಒಂಬತ್ತು ವರ್ಷದಿಂದ ಒಂದೇ ಮೇಜಿನ ಮುಂದೆ ನಿಂತವಳು. ಐಸ್ ನೀರಿನ ತೊಟ್ಟಿಗೆ ಕೈ ಹಾಕುವುದು, ಸಿಗಡಿಯ ತಲೆ ಮುರಿಯುವುದು, ಸಿಪ್ಪೆ ಸುಲಿಯುವುದು, ಬೆನ್ನಿನ ಕಪ್ಪು ನರ ಎಳೆಯುವುದು. ಸಿಪ್ಪೆ ಚುಚ್ಚುತ್ತದೆ, ಅದರ ರಸ ಚರ್ಮ ತಿನ್ನುತ್ತದೆ, ಐಸು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಸಮುದ್ರದ ಊರಿಗೆ ಬಂದವಳು ಸಮುದ್ರ ನೋಡಿದ್ದು ಮೂರೋ ನಾಲ್ಕೋ ಸಲ. ನೋಡಲು ಪುರುಸೊತ್ತು ಯಾರಿಗಿತ್ತು?

ಗಂಡ ಅನ್ನಿಸಿಕೊಂಡವನು ಇನ್ನೊಬ್ಬಳ ದಾರಿ ಹಿಡಿದಾಗ ಮಗಳಿಗೆ ಮೂರು ವರ್ಷ. ಅಕ್ಕ ಅದನ್ನು ತಂಗಿಯ ಮಡಿಲಿಗೆ ಹಾಕಿ, "ಒಂದು ವರ್ಷ ನೋಡ್ಕೋ ಕಣೇ, ಕರ್ಕೊಂಡು ಹೋಗ್ತೀನಿ" ಎಂದು ಬಸ್ಸು ಹತ್ತಿದ್ದಳು. ತಂಗಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಹೂಂ ಅಂದಳು. ಒಂದು ವರ್ಷ ಒಂಬತ್ತಾಯಿತು.

ಅಷ್ಟರಲ್ಲಿ ಒಳನಾಡಿನ ಅವರ ಊರೇ ಎದ್ದು ಕರಾವಳಿಗೆ ಬಂತು. ಮೊದಲು ಗಂಡಸರು ಬಂದರು, ಆಮೇಲೆ ಹೆಂಗಸರು, ಗಿರಾಕಿಯಿಲ್ಲವೆಂದು ಅಂಗಡಿಯವನು, ತಲೆ ಬೋಳಿಸಲು ತಲೆಗಳೇ ಇಲ್ಲವೆಂದು ಕ್ಷೌರಿಕ. ಕೊನೆಗೆ ಮೇಷ್ಟ್ರೂ ಶಾಲೆಗೆ ಬೀಗ ಹಾಕಿ ಬಂದು ಬಂದರಿನಲ್ಲಿ ಐಸಿನ ತೂಕ ಬರೆಯಲು ನಿಂತರು. ಎರಡು ತಿಂಗಳ ಹಿಂದೆ ತಂಗಿ ಹುಡುಗಿಯ ಕೈ ಹಿಡಿದುಕೊಂಡು ಬಂದಿಳಿದಳು. ಆ ದಿನ ಅಕ್ಕನಿಗಾದ ಸಂತೋಷ ಅಷ್ಟಿಷ್ಟಲ್ಲ. ಮೇಜಿನ ಸುತ್ತ ನಿಂತವರಿಗೆಲ್ಲ "ನನ್ನ ಮಗಳು ಬಂದ್ಳು, ನನ್ನ ಮಗಳು" ಎಂದು ಹೇಳಿ ಹೇಳಿ ತಲೆ ತಿಂದಳು.

ಹುಡುಗಿ ಮಾತು ಕಡಿಮೆ. ಮೂರು ಜನ ಸಾಲಾಗಿ ಮಲಗಿದರೆ ಬಾಗಿಲು ತೆರೆಯಲಾಗದಂಥ ಕೋಣೆ ಅದು. ಒಬ್ಬರನ್ನೊಬ್ಬರು ಕೂಗಿ ಕರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ನಾಚಿಕೆ, ಹೋಗುತ್ತದೆ ಬಿಡು, ಅಂದುಕೊಂಡಳು ಅಕ್ಕ.

ಆಗಲೇ ಹೊಸ ನಿಯಮ ಬಂತು. ಊರು ತುಂಬಿ ತುಳುಕುತ್ತಿದೆ, ಇನ್ನು ಸಾಕು ಎಂದು ಮೇಲಿನವರು ತೀರ್ಮಾನಿಸಿದರಂತೆ. ಈಗಾಗಲೇ ಬಂದ ದೊಡ್ಡವರು ಇರಬಹುದು. ಮಗುವನ್ನು ಇಟ್ಟುಕೊಳ್ಳಬೇಕಾದರೆ, ಶಾಲೆಗೆ ಸೇರಿಸಬೇಕಾದರೆ, ಕಾರ್ಡು ಬೇಕು. ಕಾರ್ಡಿಗೆ ತಾಯಿಯದೋ ತಂದೆಯದೋ ಹೆಬ್ಬೆಟ್ಟು ಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ಮಗು ಬಂದ ಬಸ್ಸಿನಲ್ಲೇ ವಾಪಸ್ಸು. ಎಲ್ಲಿಗೆ ವಾಪಸ್ಸು? ಶಾಲೆಯಿಲ್ಲ, ಅಂಗಡಿಯಿಲ್ಲ, ಕೂಗಿದರೆ ಓಗೊಡಲು ನರಪಿಳ್ಳೆಯಿಲ್ಲ.

ಅಕ್ಕ ಮೇಸ್ತ್ರಿಯ ಕಾಲು ಹಿಡಿಯುವುದೊಂದು ಬಾಕಿ. ಒಂಬತ್ತು ದಿನವಾದರೂ ನೀರು ಮುಟ್ಟದಿದ್ದರೆ ಅಷ್ಟಿಷ್ಟು ಗೆರೆ ಬಂದೀತೆಂದು ರಜೆ ಕೇಳಿದಳು.

"ಒಂಬತ್ತು ದಿನ ಯಾಕೆ, ಒಂಬತ್ತು ನಿಮಿಷ ಹೋಗಿ ಬಾ," ಅಂದ ಅವನು. "ನಿನ್ನ ಜಾಗದಲ್ಲಿ ಇನ್ನೊಬ್ಬಳು ನಿಂತಿರ್ತಾಳೆ. ಗೇಟಿನ ಹೊರಗೆ ನೋಡು ಒಂದ್ಸಲ."

ನೋಡಿದಳು. ಅರ್ಧಕ್ಕರ್ಧ ಅವಳ ಊರಿನವರೇ ನಿಂತಿದ್ದರು.

ಕೈಗವಸು ಹಾಕಿಕೊಂಡು ನೋಡಿದಳು. ಸಿಗಡಿ ಜಾರಿ ಜಾರಿ ಬೀಳುತ್ತಿತ್ತು, ಬುಟ್ಟಿ ಅರ್ಧವೂ ತುಂಬಲಿಲ್ಲ. ಮೂರನೇ ದಿನ ಮೇಸ್ತ್ರಿ ಬಂದು, "ಏನಕ್ಕಾ, ಆಪರೇಷನ್ ಮಾಡ್ತಿದ್ದೀಯಾ?" ಎಂದು ಎಲ್ಲರನ್ನೂ ನಗಿಸಿದ. ಗವಸು ಬಿಚ್ಚಿಟ್ಟಳು. ಒಂಬತ್ತು ವರ್ಷ ಅನ್ನ ಹಾಕಿದ ಕೈ ಈಗ ಕೈಕೊಟ್ಟಿತ್ತು.

"ಅಕ್ಕಾ," ಅಂದಳು ತಂಗಿ, ಇನ್ನೆರಡು ದಿನ ಉಳಿದಿರುವಾಗ. ಪಾತ್ರೆ ತಿಕ್ಕುತ್ತಿದ್ದವಳು ತಲೆಯೆತ್ತಲಿಲ್ಲ. "ನನ್ನ ಬೆರಳಲ್ಲಿ ಗೆರೆ ಇದೆಯಲ್ಲ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಏನೇ, ನನ್ನ ಮಗಳಿಗೆ ನೀನು ತಾಯಿ ಅಂತ ಬರೆಸ್ಬೇಕಾ?"

"ಕಾಗದದಲ್ಲಿ ಅಷ್ಟೇ ಅಕ್ಕಾ. ಬೇಡ ಅಂದ್ರೆ ಬೇಡ. ಮಗುನ ಬಸ್ಸು ಹತ್ತಿಸೋಣ್ವಾ, ನೀನೇ ಹೇಳು."

ಕಾಗದಕ್ಕೇನು, ಹೊತ್ತು ಹೆತ್ತವಳು ನಾನು ತಾನೇ ಎಂದು ಅಕ್ಕ ಮನಸ್ಸನ್ನು ಗಟ್ಟಿ ಮಾಡಿಕೊಂಡು ಮಗಳನ್ನು ಕೂರಿಸಿ ಪಾಠ ಹೇಳಿಕೊಟ್ಟಳು. ಕಂಡವರ ಮಕ್ಕಳನ್ನು ತಂದು ಬರೆಸುತ್ತಾರೆಂದು ಆಫೀಸಿನಲ್ಲಿ ಮಕ್ಕಳನ್ನೇ ಕೇಳುತ್ತಿದ್ದರು.

"ಅಲ್ಲಿ ಚಿಕ್ಕಮ್ಮನ್ನ ಅಮ್ಮ ಅನ್ಬೇಕು. ನಾನು ಅವಳಿಗೆ ಅಕ್ಕ ಅಲ್ವಾ, ಅದಕ್ಕೆ ನನ್ನನ್ನ ದೊಡ್ಡಮ್ಮ ಅನ್ಬೇಕು. ಬಾಯ್ತಪ್ಪಿ ನನ್ನನ್ನೇ ಅಮ್ಮ ಅಂದ್ಬಿಟ್ಟೀಯೆ, ಹುಷಾರು."

"ಬಾಯ್ತಪ್ಪಲ್ಲ," ಅಂದಳು ಹುಡುಗಿ.

ಕೊನೆಯ ದಿನ ಸಾಲು ಬೀದಿಯ ತಿರುವಿನವರೆಗೂ ಇತ್ತು. ಗುಮಾಸ್ತ ಅಕ್ಕನ ಗುರುತು ಹಿಡಿದನೋ ಇಲ್ಲವೋ. ದಿನಕ್ಕೆ ನಾನೂರು ಹೆಬ್ಬೆರಳು ನೋಡುವವನಿಗೆ ಮುಖ ಎಲ್ಲಿ ನೆನಪಿರುತ್ತದೆ. ತಂಗಿ ಬೆರಳಿಟ್ಟಳು. ಹಸಿರು ದೀಪ, ಒಂದೇ ಸಲಕ್ಕೆ.

"ಇವರು ಯಾರು ಪುಟ್ಟಿ?"

"ಅಮ್ಮ."

"ಅವರು?"

ಹುಡುಗಿ ಎಲ್ಲಿ ತಪ್ಪುತ್ತಾಳೋ ಎಂದು ಅಕ್ಕನಿಗೆ ಭಯ. ನಿಜ ಹೇಳಬೇಕೆಂದರೆ, ಒಂದು ಚೂರು ತಡವರಿಸಲಿ ಎಂಬ ಕೆಟ್ಟ ಆಸೆಯೂ ಇತ್ತು.

"ದೊಡ್ಡಮ್ಮ," ಅಂದಳು ಹುಡುಗಿ, ಕಣ್ಣು ಕೂಡ ಮಿಟುಕಿಸದೆ.

ಹೊರಗೆ ಬಂದರು. ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಲು ತಂಗಿ ಮುಂದೆ ಹೋದಳು. ಅವಳು ಕಣ್ಣೊರೆಸಿಕೊಂಡದ್ದನ್ನು ಅಕ್ಕ ನೋಡಿಯೂ ನೋಡದಂತಿದ್ದಳು.

"ಜಾಣೆ ಕಣೇ ನೀನು," ಎಂದು ಮಗಳ ತಲೆ ಸವರಿದಳು. "ಅಷ್ಟು ದೊಡ್ಡ ಸುಳ್ಳು ಹೇಳೋಕೆ ಭಯ ಆಗ್ಲಿಲ್ವಾ?"

ಹುಡುಗಿ ಕಾಲಿನಿಂದ ಕಲ್ಲೊಂದನ್ನು ತಳ್ಳಿದಳು. "ಇದರಲ್ಲೇನೂ ಆಗ್ಲಿಲ್ಲ. ಊರಲ್ಲಿ ಅವಳನ್ನ ಹಾಗೇ ಕರೀತಿದ್ದೆ. ನೀನು ಫೋನ್ ಮಾಡಿದಾಗ ಭಯ ಆಗ್ತಿತ್ತು."

"ಫೋನಿಗೆ ಯಾಕೆ ಭಯ?"

"ನಿನ್ನ ಹತ್ರ ಮಾತಾಡೋವಾಗ ಅವಳನ್ನ ಚಿಕ್ಕಮ್ಮ ಅನ್ಬೇಕಿತ್ತಲ್ಲ. ಬಾಯ್ತಪ್ಪಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಅವಳೇ ದಿನಾ ಹೇಳ್ಕೊಡ್ತಿದ್ಳು."

ಅಕ್ಕ ಅಲ್ಲೇ ನಿಂತಳು. ಪ್ರತಿ ವಾರವೂ ಒದ್ದೆ ಕೈಯಲ್ಲೇ ಫೋನ್ ಹಿಡಿದು, "ಚಿಕ್ಕಮ್ಮ ಚೆನ್ನಾಗಿ ನೋಡ್ಕೋತಾಳಾ ಪುಟ್ಟಾ?" ಎಂದು ಕೇಳಿದ್ದಳು. "ಹೂಂ ಅಮ್ಮ, ಚಿಕ್ಕಮ್ಮ ಚೆನ್ನಾಗಿ ನೋಡ್ಕೋತಾಳೆ" ಎಂಬ ಆ ಒಂದು ಮಾತಿನ ಮೇಲೆ ಮುಂದಿನ ವಾರವಿಡೀ ಐಸಿನಲ್ಲಿ ಕೈ ಇಟ್ಟಿದ್ದಳು. ಯಾರ ಮೇಲೆ ಸಿಟ್ಟು ಮಾಡುವುದು? ತಂಗಿ ಮಾಡಿದ್ದರಲ್ಲಿ ತಪ್ಪೇನಿತ್ತು?

"ಇನ್ನು ಫೋನ್ ಇಲ್ವಲ್ಲ," ಅಂದಳು. "ಹೇಗೆ ಬೇಕೋ ಹಾಗೆ ಕರಿ ಮಗಾ."

"ನಿಜವಾಗ್ಲೂ?" ಹುಡುಗಿಯ ಮುಖ ಅರಳಿತು. ಎರಡು ತಿಂಗಳಲ್ಲಿ ಅಕ್ಕ ಅವಳ ಇಂಥ ಮುಖ ನೋಡಿಯೇ ಇರಲಿಲ್ಲ. "ಅಮ್ಮಾ!"

"ಏನೇ?" ಅಂದುಬಿಟ್ಟಳು ಅಕ್ಕ.

ಹುಡುಗಿಗೆ ಅದು ಕೇಳಿಸಲಿಲ್ಲ. ಅಂಗಡಿಯ ಮುಂದೆ ನಿಂತಿದ್ದ ತಂಗಿಯ ಕಡೆಗೆ ಅವಳು ಆಗಲೇ ಓಡಿಬಿಟ್ಟಿದ್ದಳು.