ದೆವ್ವಕ್ಕೆ ನಗು ಕೊಟ್ಟವಳು

ನಾನು ಮನಸ್ಸು ಬಿಚ್ಚಿ ನಕ್ಕರೆ ಮೂರು ಬೀದಿಯಾಚೆ ನಿಂತ ಕಾರುಗಳೆಲ್ಲ ಕಳ್ಳ ಬಂದನೆಂದು ಕೂಗಿಕೊಳ್ಳುತ್ತವೆ. ಒಮ್ಮೆ ಪಕ್ಕದ ಮನೆಯ ಕಿವುಡಜ್ಜ ಯಾರು ಕರೆದದ್ದು ಎಂದು ಎದ್ದು ಬಂದು ಬಾಗಿಲು ತೆಗೆದಿದ್ದರು. ಸುಳ್ಳೆನ್ನುವವರು ಅಜ್ಜನನ್ನೇ ಕೇಳಿ. ಸ್ವಲ್ಪ ಜೋರಾಗಿ ಕೇಳಿ.

ಈ ನಗುವೇ ನನಗೆ ಮುಳುವಾಯಿತು. ನಮ್ಮ ತರಗತಿಯಲ್ಲಿ ಎಲ್ಲರೂ 'ರಾಣಿ' ಎಂದು ಕರೆಯುವ ಒಬ್ಬಳಿದ್ದಳು. ನಾನು ನಗುವುದನ್ನು ಅವಳು ಕದ್ದು ವಿಡಿಯೊ ಮಾಡಿ, ನನ್ನ ಕತ್ತಿಗೆ ಕುದುರೆಯ ತಲೆ ಅಂಟಿಸಿ, ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಸಂಜೆಯೊಳಗೆ ಭೂಮಿಯ ಮೇಲಿರುವ ಫೋನುಗಳಲ್ಲೆಲ್ಲ ನಾನು ಕೆನೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಇಡೀ ಶಾಲೆಯ ಫೋನುಗಳಲ್ಲಿ. ಆದರೆ ಹದಿನೈದರ ವಯಸ್ಸಿನಲ್ಲಿ ಭೂಮಿಯೆಂದರೆ ಅಷ್ಟೇ. "ಹುಲ್ಲು ತಿಂದ್ಯೇನೇ?" "ಲಾಳ ಹೊಡಿಸ್ಕೊಂಡ್ಯಾ?" ಆಮೇಲಾಮೇಲೆ, "ನೀನಿದ್ದೇನು ಪ್ರಯೋಜನ?" ನಾನು ನಗುವುದನ್ನೇ ಬಿಟ್ಟೆ. ಮೂರು ತಿಂಗಳು ನನ್ನ ಹಲ್ಲು ಬಿಸಿಲು ಕಾಣಲಿಲ್ಲ.

ನೋಡಲಾರದೆ ಚಿಕ್ಕಮ್ಮ ನನ್ನನ್ನು ತನ್ನ ಸ್ಟುಡಿಯೊಗೆ ಎಳೆದುಕೊಂಡು ಹೋದಳು. ಅವಳು ಸಿನಿಮಾಗಳಿಗೆ ಸದ್ದು ಮಾಡುವವಳು. ತೆರೆಯ ಮೇಲೆ ನಾಯಕ ಓಡಿದರೆ ಹೆಜ್ಜೆ ಇವಳದು; ಖಳನಾಯಕನ ಮೂಳೆ ಮುರಿದರೆ ಇಲ್ಲಿ ಮುರಿಯುವುದು ಎಲೆಕೋಸಿನ ದಂಟು. ಆ ವಾರ ಬಂದದ್ದು ದೆವ್ವದ ಸಿನಿಮಾ. ಜೊತೆಯವರು ಫೋನಿನಲ್ಲೇ ಕಾಡಿ ಕಾಡಿ ಸಾಯಿಸಿದ ಹುಡುಗಿ, ದೆವ್ವವಾಗಿ ಅವರ ಫೋನುಗಳೊಳಗೇ ವಾಪಸು ಬರುತ್ತಾಳೆ. ಅವಳ ದನಿಗೆ ನನ್ನ ವಯಸ್ಸಿನವಳು ಬೇಕಿತ್ತು.

"ಕೊನೇಲಿ ಪಾಪ, ಎಲ್ಲರನ್ನೂ ಕ್ಷಮಿಸಿ ಅಳ್ತಾಳೆ. ಎಲ್ಲಿ, ಅಳು ಮಗಳೇ," ಎಂದರು ಡೈರೆಕ್ಟರು.

ನಾನು ಅತ್ತೆ. ಕೆಟ್ಟುಹೋದ ನಲ್ಲಿಯ ಹಾಗೆ ಕೇಳಿಸಿತು.

"ಸಾರ್, ಇವಳ್ಯಾಕೆ ಅಳಬೇಕು? ಅಳಬೇಕಾದೋರು ಅವರಲ್ವಾ?" ಎಂದೆ.

"ದೆವ್ವ ನೀನಾ, ನಾನಾ?"

"ಸದ್ಯಕ್ಕೆ ನಾನೇ ಸಾರ್."

ಚಹಾಕ್ಕೆ ಬಿಡುವು ಕೊಟ್ಟರು. ಬಿಡುವಿನಲ್ಲಿ ಮೈಕು ಆರಿಸುವುದು ರೆಕಾರ್ಡಿಂಗ್ ಅಣ್ಣನ ಕೆಲಸ. ಕೈಯಲ್ಲಿ ಬಿಸ್ಕತ್ತಿತ್ತು, ಮರೆತ. ಚಿಕ್ಕಮ್ಮ ಮುಂದಿನ ಮೂಳೆಗೆಂದು ಎಲೆಕೋಸಿನ ದಂಟನ್ನು ಸರ್ವಶಕ್ತಿಯಿಂದ ಬಗ್ಗಿಸಿದಳು. ಅದು ಜಾರಿ, ರಾಕೆಟ್ಟಿನಂತೆ ಹಾರಿ, ಡೈರೆಕ್ಟರ ಬೋಳುತಲೆಗೆ ಟಪ್ಪೆಂದು ಬಡಿಯಿತು.

ಮೂರು ತಿಂಗಳ ನಗು ಕಟ್ಟೆಯೊಡೆಯಿತು.

ಸುಸ್ತಾಗಿ ನಿಲ್ಲಿಸಿದಾಗ ಎಲ್ಲರೂ ಇನ್ನೂ ಉರಿಯುತ್ತಿದ್ದ ರೆಕಾರ್ಡಿಂಗಿನ ಕೆಂಪು ದೀಪ ನೋಡುತ್ತಿದ್ದರು. ಅಣ್ಣ ಮೆಲ್ಲಗೆ ಗುಂಡಿ ಒತ್ತಿದ. ಕತ್ತಲು ಕೋಣೆಯ ನಾಲ್ಕು ಸ್ಪೀಕರುಗಳಿಂದ ನನ್ನ ನಗು ನನ್ನ ಮೇಲೇ ಬಿತ್ತು. ಅದೇ ಕೆನೆತ. ಕಿವಿ ಮುಚ್ಚಿಕೊಂಡೆ.

"ಅಳಿಸಿಬಿಡಣ್ಣ," ಎಂದಳು ಚಿಕ್ಕಮ್ಮ. "ಮಗು ಒಪ್ಪದೆ ಅದರ ಉಸಿರೂ ಹೊರಗೆ ಹೋಗಕೂಡದು."

ಡೈರೆಕ್ಟರು ತಲೆ ಸವರಿಕೊಂಡರು. "ನನ್ನ ಮೈಯೆಲ್ಲ ನಡುಗಿತು. ಇದರ ಮುಂದೆ ಅಳು ಯಾವ ಮೂಲೆಗೆ! ಆದ್ರೆ ನಿನ್ನಿಷ್ಟ ಮಗಳೇ. ಇಟ್ಕೊಳ್ಳೋದಾ, ಅಳಿಸೋದಾ?"

ಅಣ್ಣನ ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು. ರಾಣಿ ನನ್ನನ್ನು ಕೇಳಿರಲಿಲ್ಲ. ಮೊದಲ ಸಲ ಯಾರೋ ಕೇಳುತ್ತಿದ್ದರು.

"ಇಟ್ಕೊಳ್ಳಿ. ಆದ್ರೆ ಆ ಕ್ಷಮೆ ತೆಗೆದುಹಾಕಿ. ಹೆಸರು ಬರೋ ಜಾಗದಲ್ಲಿ 'ಕುದುರೆ' ಅಂತ ಹಾಕಿ. ದೊಡ್ಡ ಅಕ್ಷರದಲ್ಲಿ."

ಸಿನಿಮಾ ಬಂತು. ಮೊದಲ ದಿನವೇ ಇಡೀ ತರಗತಿ ಹೋಯಿತು. ನಾನು ಬೇಕೆಂದೇ ರಾಣಿಯ ಹಿಂದಿನ ಸೀಟು ಹಿಡಿದೆ. ತೆರೆಯ ಮೇಲಿನ ಫೋನು ತಾನಾಗಿ ಬೆಳಗಿ ದೆವ್ವ ನಕ್ಕಾಗ ಚಾವಣಿ ಒಂದಡಿ ಮೇಲೆದ್ದು ಮತ್ತೆ ಕೂತಿತು. ಪಾಪ್‌ಕಾರ್ನ್ ಆಲಿಕಲ್ಲಿನಂತೆ ಸುರಿಯಿತು. ರಾಣಿ ಪಕ್ಕದ ಅಪರಿಚಿತ ಅಂಕಲ್ಲಿನ ತೋಳಿಗೆ ಜೋತುಬಿದ್ದಿದ್ದಳು.

ದೀಪ ಹತ್ತಿತು. ತೆರೆಯ ಮೇಲೆ ಬಂತು: ದೆವ್ವದ ನಗು, ಕುದುರೆ.

ರಾಣಿ ನಿಧಾನವಾಗಿ ಹಿಂದೆ ತಿರುಗಿದಳು. ಮುಖ ಸುಣ್ಣ ಬಳಿದ ಗೋಡೆ. "ಅದು... ನೀನೇನೇ?" ಅಂದವಳ ಕೈ ಅಭ್ಯಾಸಬಲದಿಂದ ಫೋನೆತ್ತಿ ನನ್ನತ್ತ ಹಿಡಿಯಿತು. ಇಡೀ ಸಾಲು ನನ್ನ ಬಾಯನ್ನೇ ನೋಡುತ್ತಿತ್ತು. ಮುಚ್ಚಿಕೊಂಡು ಎದ್ದುಹೋಗಬಹುದಿತ್ತು; ಮೂರು ತಿಂಗಳು ಅದನ್ನೇ ಮಾಡಿದ್ದೆ.

"ಕೈ ನಡುಗ್ತಿದೆಯಲ್ಲೇ, ಸರಿಯಾಗಿ ಹಿಡ್ಕೋ," ಎಂದೆ. "ಈ ಸಲ ಕುದುರೆ ತಲೆ ಬೇಡ. ನನ್ನ ಮುಖಾನೇ ಬರ್ಲಿ."

ಮತ್ತು ನಕ್ಕೆ. ಹೊರಗೆ ನಿಂತ ಕಾರುಗಳು ಒಂದಾದ ಮೇಲೊಂದು ಕೂಗತೊಡಗಿದವು.