ಬೋರಲು ಮಲಗಿದವನ ಕಡಲಹೂವು

ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ತಮ್ಮ ಬೋರಲು ಮಲಗಬೇಕಾಯಿತು. ಕಣ್ಣಿನ ಹಿಂಭಾಗದ ಪರದೆ ಕಿತ್ತು ಬಂದಿತ್ತು. ಅದನ್ನು ಮತ್ತೆ ಅಂಟಿಸಿ, ಅಂಟಿದ್ದು ಬಿಡದಿರಲೆಂದು ಒಳಗೊಂದು ಗಾಳಿಯ ಗುಳ್ಳೆ ಬಿಟ್ಟಿದ್ದರು. ಗುಳ್ಳೆ ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಸದಾ ನೆಲ ನೋಡುತ್ತಿರಬೇಕು. ಊಟ, ನಿದ್ದೆ, ಹರಟೆ ಎಲ್ಲವೂ ಹಾಗೆಯೇ. ಅವನ ಇನ್ನೊಂದು ಕಣ್ಣಿಗೆ ಚಿಕ್ಕಂದಿನಿಂದಲೂ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು. ಡಾಕ್ಟರು ಅವನ ಹೆಂಡತಿಯನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, "ತಲೆ ಎತ್ತಿದ್ರೆ ಈ ಕಣ್ಣಿನ ಆಸೆ ಬಿಟ್ಟ ಹಾಗೆ" ಎಂದಿದ್ದರು.

ಅವನ ಹೆಂಡತಿ ಹಳೆಯ ದಿಂಬಿನ ನಡುವೆ ತೂತು ಮಾಡಿ, ಅಂಚಿಗೆ ಮೆತ್ತನೆಯ ಬಟ್ಟೆ ಹೊಲಿದಿದ್ದಳು. ಮಂಚದ ತುದಿಗೆ ಸಂದು ಬಿಟ್ಟು ಎರಡು ಸ್ಟೂಲು ಇಟ್ಟು, ದಿಂಬನ್ನು ಅವುಗಳ ಮೇಲಿರಿಸಿ, ಅವನ ಮುಖಕ್ಕೆ ಜಾಗ ಮಾಡಿದ್ದಳು. ಆ ತೂತಿನಿಂದ ಅವನಿಗೆ ಕಾಣುತ್ತಿದ್ದುದು ಬರೀ ನೆಲದ ಮಸುಕು. ಅವಳಿಗೆ ಒಂದಿಷ್ಟು ಆಸರೆಯಾಗಲೆಂದು ನಾನು ಬಂದಿದ್ದೆ.

ಮಂಚದಿಂದ ಕೈಯಳತೆಯ ದೂರದಲ್ಲಿ, ಗೋಡೆಯುದ್ದಕ್ಕೂ, ಅವನ ಉಪ್ಪುನೀರಿನ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಒಂದು ಜೊತೆ ಕಿತ್ತಳೆ ಬಣ್ಣದ ಮೀನು, ಜೊತೆಗೆ ಅವನ ಅನಿಮೋನ್. ನೋಡಿದವರು ಹೂವೆನ್ನುತ್ತಾರೆ, ಅದು ಪ್ರಾಣಿ. ಕಲ್ಲಿನ ಸಂದಿಗೆ ಒಂಟಿ ಪಾದ ಊರಿ, ನೀರಿನಲ್ಲಿ ನೂರಾರು ಬೆರಳು ಬಿಚ್ಚಿಕೊಂಡು ನಿಂತಿರುತ್ತದೆ. ಪ್ರತಿ ಬೆರಳಿನ ತುದಿಯೂ ಮಣಿಯಂತೆ ಉಬ್ಬಿರುತ್ತದೆ. ಬೀಗ ರಿಪೇರಿ ಮಾಡುವ ನನ್ನ ತಮ್ಮ, ಸಾಕುಮೀನಿನ ಅಂಗಡಿಯೊಂದು ಮುಚ್ಚುವಾಗ ಬಕೆಟ್ಟಿನ ತಳದಲ್ಲಿ ಮುದುಡಿ ಬಿದ್ದಿದ್ದ ಅದನ್ನು ತಂದಾಗ ಹೆಬ್ಬೆರಳಿನಷ್ಟಿತ್ತು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಊಟದ ತಟ್ಟೆಯಷ್ಟಗಲ. ಮನೆಯಲ್ಲಿ ಅದರ ಹೆಸರು ಯಜಮಾನಿ. "ನನ್ನನ್ನ ಹೊತ್ತಿಗೆ ಸರಿಯಾಗಿ ಊಟ ಆಯ್ತಾ ಅಂತ ಒಂದಿನ ಕೇಳಿದವರಲ್ಲ, ಅದರ ಹೊಟ್ಟೆ ಚಿಂತೆ ಮಾತ್ರ ಮೂರು ಹೊತ್ತೂ" ಎಂದು ಅವನ ಹೆಂಡತಿ ನಗುತ್ತಾಳೆ. ತೊಟ್ಟಿಯ ಗಾಜು ಒರೆಸುವವಳೂ ಅವಳೇ.

ಅವನು ಒಮ್ಮೆ ನನಗೆ ಹೇಳಿದ್ದ: "ಅಕ್ಕ, ಇದಕ್ಕೆ ಮುಪ್ಪು ಅನ್ನೋದು ಇದ್ದ ಹಾಗಿಲ್ಲ ಅಂತ ಓದಿದೀನಿ. ನೀರು, ಬೆಳಕು ಸರಿಯಾಗಿ ಸಿಕ್ಕಿದ್ರೆ ಹಾಗೇ ಇರುತ್ತಂತೆ. ಸಾಯೋದಾದ್ರೆ ನಮ್ಮ ಕೈಯಿಂದಲೇ." ಮಂಡಿ ನೋವಿನ ನಾನು ಆ ಮಾತು ಕೇಳಿ ಬಹಳ ಹೊತ್ತು ತೊಟ್ಟಿಯ ಮುಂದೆ ನಿಂತಿದ್ದೆ.

ಆಸ್ಪತ್ರೆಗೆ ಹೊರಡುವ ಮುಂಚೆ ಎಲ್ಲವನ್ನೂ ಹೇಳಿಕೊಟ್ಟಿದ್ದ. ಆರಿ ಹೋದ ನೀರಿಗೆ ಬದಲಾಗಿ ಸಿಹಿನೀರು ತುಂಬಬೇಕು, ಆರುವುದು ನೀರೇ ಹೊರತು ಉಪ್ಪಲ್ಲ. ಯಜಮಾನಿ ಜಾಗ ಬದಲಿಸಿದರೆ ಬದಲಿಸಲಿ, ಮುಟ್ಟಬಾರದು. ಪಂಪಿನ ಬಾಯಿಗೆ ಕಟ್ಟಿದ ಸ್ಪಂಜು ಬಿಚ್ಚಬಾರದು, ಬಿಚ್ಚಿದರೆ ಅದು ಅಲೆದಾಡುವಾಗ ಪಂಪಿಗೆ ಸಿಕ್ಕಿ ನುಚ್ಚಾಗುತ್ತದೆ. ವಾರಕ್ಕೊಮ್ಮೆ ಉಗುರಿನಷ್ಟು ಸಿಗಡಿ ಸಾಕು.

ನಾವು ಎಡವಿದ್ದು ಈ ಕೊನೆಯ ಮಾತಿನಲ್ಲಿ. ಅವನ ಹೆಂಡತಿ, ಗಂಡನ ಆರೈಕೆಯಿಲ್ಲದೆ ಅದು ಪಾಪ ಸೊರಗೀತೆಂದು ಬೆಳಿಗ್ಗೆ ಒಂದು ಚೂರು ಹಾಕುತ್ತಿದ್ದಳು. ಅವಳಿಗೆ ಮೈಮುರಿಯುವಷ್ಟು ಕೆಲಸ, ಮರೆತಿರುತ್ತಾಳೆಂದು ನಾನು ಮಧ್ಯಾಹ್ನ ಒಂದು ಚೂರು ಹಾಕುತ್ತಿದ್ದೆ. ಕೆಳಗಿನ ಮನೆಯ ನಿವೃತ್ತ ಬಸ್ ಕಂಡಕ್ಟರ್ ದಿನಾ ಸಂಜೆ ತಮ್ಮನಿಗೆ ಪೇಪರ್ ಓದಿ ಹೇಳಲು ಬರುತ್ತಿದ್ದರು. ಇಬ್ಬರು ಹೆಂಗಸರ ತಲೆ ಮೇಲೆ ಎಷ್ಟೆಂದು ಹೊರೆ ಎಂದುಕೊಂಡು, ಅವರೂ ಪುಟ ತಿರುಗಿಸುವ ನೆಪದಲ್ಲಿ ಎದ್ದು ಒಂದು ಚೂರು ಬಿಡುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ.

ಫ್ರಿಜ್ಜಿನ ಸಿಗಡಿ ಡಬ್ಬಿ ಖಾಲಿಯಾದಾಗ ಅಡುಗೆಮನೆಯಲ್ಲಿ ಗುಟ್ಟು ರಟ್ಟಾಯಿತು.

"ನಾನು ದಿನಾ ಒಂದೇ ಚೂರು ಹಾಕಿದ್ದು ಅಕ್ಕ" ಎಂದಳು ಅವಳು.

"ನಾನೂ ಒಂದೇ" ಎಂದೆ.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಒಂದೇ ಸೀಟಿಗೆ ಮೂರು ಟಿಕೆಟ್ ಹರಿದಂಗಾಯ್ತು."

ನಗು ಬಂತು, ಆದರೆ ತೊಟ್ಟಿಯ ಹತ್ತಿರ ಹೋದಾಗ ನಿಂತುಹೋಯಿತು. ಯಜಮಾನಿ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಮುಷ್ಟಿಯಷ್ಟಾಗಿದ್ದಳು. ನಡುವಿನ ಬಾಯಿಂದ ಕಂದು ಲೋಳೆ ಎಳೆಯಾಗಿ ಹೊರಬರುತ್ತಿತ್ತು. ನೀರು ಮಂಕಾಗಿತ್ತು. ಒಂದಿಷ್ಟು ನೀರನ್ನು ಸಣ್ಣ ಶೀಸೆಗೆ ತೆಗೆದು ಪರೀಕ್ಷೆಯ ಔಷಧಿ ಹನಿ ಹಾಕಿದೆ. ತಿಳಿ ಹಳದಿ ಆಗಬೇಕಾದದ್ದು ಇಟ್ಟಿಗೆಗೆಂಪಾಯಿತು, ಅಂದರೆ ನೀರು ಕೆಟ್ಟಿತ್ತು.

"ಅವರಿಗೆ ಹೇಳೋದು ಬೇಡ ಅಕ್ಕ" ಎಂದು ಅವಳು ಪಿಸುಗುಟ್ಟಿದಳು. "ಯಜಮಾನಿಗೆ ಏನಾದ್ರೂ ಆಯ್ತು ಅಂದ್ರೆ ಅವರು ತಲೆ ಎತ್ತದೆ ಇರಲ್ಲ. ನಂಗೆ ಆ ಕಣ್ಣು ಬೇಕು."

ಹೀಗೆ ಅವನ ಮಂಚದ ಪಕ್ಕದಲ್ಲೇ ನಾವು ಕಳ್ಳರಂತೆ ನೀರು ಬದಲಿಸಿದೆವು. ಹಳೆಯ ನೀರನ್ನು ಕಂಡಕ್ಟರ್ ಬಕೆಟ್ಟಿನಲ್ಲಿ ಹೊತ್ತರು. ಸದ್ದು ಮುಚ್ಚಲೆಂದು ಪೇಪರಿನ ಮದುವೆ ಜಾಹೀರಾತನ್ನೆಲ್ಲ ಗಟ್ಟಿಯಾಗಿ ಓದಿದರು. ಉಪ್ಪು ಕಲಸಿ ಹದ ಮಾಡಿದ ಹೊಸ ನೀರನ್ನು, ಮಗುವಿನ ಸ್ನಾನದ ನೀರು ನೋಡುವಂತೆ ಮೊಣಕೈ ಅದ್ದಿ ನೋಡಿ, ಅವಳು ಲೋಟ ಲೋಟವಾಗಿ ಇಳಿಸಿದಳು. ದಿಂಬಿನ ತೂತಿನೊಳಗಿಂದ ತಮ್ಮ, "ಕಂಡಕ್ಟರೇ, ನಂಗೆ ಇನ್ನೊಂದು ಮದುವೆ ಮಾಡೋ ಯೋಚನೆ ಏನಾದ್ರೂ ಇದೆಯಾ?" ಎಂದ. ಅವನಿಗೆ ಎಷ್ಟು ಗೊತ್ತಾಗಿತ್ತೋ.

ಮರುದಿನ ಬೆಳಿಗ್ಗೆ ತೊಟ್ಟಿಯ ದೀಪ ಹತ್ತಿದಾಗ ನಾನೇ ಮೊದಲು ನೋಡಿದ್ದು. ನೀರು ತಿಳಿಯಾಗಿತ್ತು. ಯಜಮಾನಿ ಮಾತ್ರ ಕಲ್ಲಿನ ಮೇಲೆ ಎರಡೂ ಕಡೆಗೆ ಎಳೆದಂತೆ ಉದ್ದವಾಗಿ ಹರಡಿದ್ದಳು. ಬಾಯಿ ಆಕಳಿಸಿದಂತೆ ತೆರೆದು, ಒಳಗಿನ ಬಿಳಿ ಮಡಿಕೆಗಳು ಕಾಣುತ್ತಿದ್ದವು. ಒಂದು ಅಂಚು ಸೀಳಿತ್ತು.

ತಮ್ಮನ ಹೆಂಡತಿ ಬಂದು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಉದ್ದನೆಯ ಜಾಲರಿ ಸೌಟನ್ನು ತಂದಳು. ಅನಿಮೋನ್ ತೊಟ್ಟಿಯಲ್ಲೇ ಸತ್ತರೆ ಹೊತ್ತು ಮುಳುಗುವುದರೊಳಗೆ ನೀರು ವಿಷವಾಗುತ್ತದೆ, ಮೀನುಗಳೂ ಉಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ತೆಗೆಯಬೇಕಾದರೆ ಈಗಲೇ. ಬದುಕಿದ್ದರೆ, ತೆಗೆಯುವುದೇ ಕೊಲ್ಲುವುದು. ಅವಳ ಕೈಯ ಸೌಟು ನೀರಿನ ಮೇಲೆ ನಿಂತೇ ಇತ್ತು.

"ಯಾರಾದ್ರೂ ಹೇಳ್ತೀರೋ, ನಾನೇ ಎದ್ದು ನೋಡ್ಲೋ" ಎಂದ ತಮ್ಮ.

ಅವಳು ಸೌಟು ಬಿಟ್ಟು ಅವನತ್ತ ತಿರುಗಿದಳು. ಅವನ ಕುತ್ತಿಗೆಯ ಹಿಂದೆ ಅಂಗೈ ಇಟ್ಟಳು. ಒತ್ತಲಿಲ್ಲ, ಇಟ್ಟಳು ಅಷ್ಟೇ. "ಎದ್ದೀರಾ ಜೋಕೆ. ಅಕ್ಕ ಹೇಳ್ತಾರೆ."

ನಾನು ಹೇಳಿದೆ. ಮೂರು ಚೂರು ಸಿಗಡಿಯಿಂದ ಹಿಡಿದು ಸೀಳಿದ ಅಂಚಿನವರೆಗೆ. ಅವನ ಬೆನ್ನು ಒಮ್ಮೆ ಬಿಗಿಯಿತು. ಅವಳ ಅಂಗೈ ಅಲ್ಲೇ ಇತ್ತು.

"ಬೀಗದೊಳಗೆ ಯಾವತ್ತು ಕಣ್ಣು ಹೋಗಿದೆ? ಅಲ್ಲಿ ಬೆರಳೇ ಕಣ್ಣು" ಎಂದ ಕೊನೆಗೆ, ನಿಧಾನವಾಗಿ. "ಏ ಇವಳೇ, ಕೈ ತೊಳ್ಕೊಂಡು ಒಂದು ಬೆರಳಿಂದ ಅದನ್ನ ಮೆಲ್ಲಗೆ ಮುಟ್ಟು. ಆಮೇಲೆ ಆ ಕೈ ತಂದು ನನ್ನ ಮೂಗಿಗೆ ಹಿಡಿ."

ಅವಳು ಸೋಪಿಲ್ಲದೆ ಬರೀ ನೀರಿನಲ್ಲಿ ಕೈ ತೊಳೆದು, ತೊಟ್ಟಿಯೊಳಗೆ ಇಳಿಸಿ, ಒಂದು ಬೆರಳು ತಾಗಿಸಿದಳು. "ಅಂಟ್ಕೊಳ್ತು ರೀ. ನನ್ನ ಬೆರಳು ಹಿಡ್ಕೊಳ್ತು."

ನೀರು ತೊಟ್ಟಿಕ್ಕುವ ಕೈಯನ್ನು ಅವಳು ಸ್ಟೂಲುಗಳ ನಡುವೆ ತೂರಿಸಿ ಅವನ ಮುಖದ ಕೆಳಗೆ ಹಿಡಿದಳು. ಅವನು ಉಸಿರೆಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ.

"ಸತ್ತಿದ್ರೆ ನಾತಕ್ಕೆ ಬೀದಿಯವರೆಲ್ಲ ಓಡಿ ಬರ್ತಿದ್ರು. ಇದು ಬರೀ ಸಮುದ್ರ" ಎಂದ. "ಅಕ್ಕ, ಪಾದ ನೋಡು. ಒಂದೇ ಕಡೆ ಹಿಡಿದಿದೆಯಾ, ಎರಡು ಕಡೆಯಾ?"

ಕೆಳಗೆ ಬಗ್ಗಿ ನೋಡಿದೆ. ಪಾದ ನಡುವೆ ತೆಳುವಾಗಿ, ಒಂದು ತುದಿ ಕಲ್ಲಿನ ಎಡಸಂದಿಯನ್ನೂ ಇನ್ನೊಂದು ತುದಿ ಬಲಗಡೆಯ ಗೂಡನ್ನೂ ಹಿಡಿದಿತ್ತು. ಹಾಗೆಂದೆ.

ಅವನು ಮಂಚದ ಅಂಚು ಹಿಡಿದುಕೊಂಡ. "ಅದು ಸಾಯ್ತಾ ಇಲ್ಲ. ಎರಡಾಗ್ತಾ ಇದೆ. ಹೊಟ್ಟೆ ಬಿರಿಯುವಷ್ಟು ತಿನ್ನಿಸಿದ್ರಲ್ಲ, ಅದಕ್ಕೇ ಇರಬಹುದು. ನಾನು ಇಷ್ಟು ವರ್ಷ ಕಾದೆ, ಒಂದ್ಸಲನೂ ಆಗ್ಲಿಲ್ಲ." ದನಿ ಸ್ವಲ್ಪ ಒಡೆಯಿತು. "ಈಗ ಆಗಬೇಕಾ, ನಾನು ನೆಲ ನೋಡ್ಕೊಂಡಿರುವಾಗ."

ಅವನ ಭುಜ ಮೇಲೇಳುವುದು ನನಗೆ ಕಂಡಿತು. ಹೆಂಡತಿಗೂ ಕಂಡಿತು. ಅವಳು ಬೇಡವೆನ್ನಲಿಲ್ಲ. ನೆಲಕ್ಕೆ ಕೂತು, ಅಂಗಾತ ಮಲಗಿ, ಸ್ಟೂಲುಗಳ ನಡುವೆ ಜಾರಿ, ಅವನ ಮುಖದ ನೇರ ಕೆಳಗೆ ತನ್ನ ಮುಖ ತಂದಳು. "ಈಗ ನನ್ನನ್ನ ನೋಡಿ" ಎಂದಳು.

"ಕಾಣ್ಸಲ್ಲ ಕಣೇ."

"ಗೊತ್ತು. ಆದ್ರೂ ನೋಡಿ. ಅಕ್ಕ, ನೀವು ಶುರು ಮಾಡಿ."

ನಾನು ಕುರ್ಚಿ ಎಳೆದುಕೊಂಡು ಗಾಜಿನ ಮುಂದೆ ಕೂತೆ. ಕಾಲೇಜಿನಲ್ಲಿ ಓದಿದವಳು, ನಾಲ್ಕು ಮಾತು ಹೊಂದಿಸಿ ಆಡಬಲ್ಲೆನೆಂದುಕೊಂಡಿದ್ದೆ. ಆದರೆ ಆ ದಿನ ಕಂಡದ್ದಕ್ಕೆ ನನ್ನಲ್ಲಿ ಸಿದ್ಧ ಮಾತಿರಲಿಲ್ಲ. ಒಂದೇ ಜೀವ ತನ್ನನ್ನು ತಾನೇ ಎರಡು ದಿಕ್ಕಿಗೆ ನಡೆಸುತ್ತಿತ್ತು. ಎಡಭಾಗ ಎಡಕ್ಕೆ, ಬಲಭಾಗ ಬಲಕ್ಕೆ, ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ಅದರಲ್ಲಿ ಗಡಿಬಿಡಿಯಿಲ್ಲ. ನಡುವಿನ ಮಾಂಸ ಹಿಟ್ಟಿನ ಮುದ್ದೆಯಂತೆ ಹಿಗ್ಗಿ, ತೆಳುವಾಗಿ, ಆಚೆಯ ಬೆಳಕು ಅದರ ಮೂಲಕ ಗುಲಾಬಿಯಾಗಿ ಹಾಯುತ್ತಿತ್ತು. ಮೀನುಗಳು ಸುತ್ತುತ್ತಿದ್ದವು, ಒಂದಂತೂ ಸೀಳಿನೊಳಕ್ಕೇ ತಲೆ ತೂರಿಸಿ ನೋಡಿ ಬಂತು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ತಮ್ಮ ನಡುನಡುವೆ ಕೇಳುತ್ತಿದ್ದ: "ಬಾಯಿ ಎಲ್ಲಿದೆ? ಬಣ್ಣ ಹೇಗಿದೆ?" ಕಂಡಕ್ಟರ್ ಸಂಜೆ ಬಂದವರು ಪೇಪರ್ ಮಡಚಿ ಕಂಕುಳಲ್ಲಿಟ್ಟು ನಿಂತುಬಿಟ್ಟರು. ಆಗಾಗ ನನಗೊಂದು ಲೋಟ ನೀರು ತಂದುಕೊಟ್ಟರು.

ಕೊನೆಗೆ ನಡುವೆ ಉಳಿದದ್ದು ಒಂದು ಎಳೆ. ಅದು ನೀರಿನ ಸೆಳೆತಕ್ಕೆ ಬಳುಕುತ್ತಿತ್ತು. ನಾನು ಮಾತು ನಿಲ್ಲಿಸಿದೆ.

"ಅಕ್ಕ?" ಎಂದ ತಮ್ಮ.

"ಇರು."

ಎಳೆ ಬಿಟ್ಟಿತು. ಸದ್ದಿಲ್ಲ, ರಕ್ತವಿಲ್ಲ. ಎರಡು ಕಡೆಯ ತುಂಡುಗಳೂ ತಮ್ಮ ಗಾಯದ ಅಂಚನ್ನು ಒಳಕ್ಕೆ ಸುತ್ತಿಕೊಳ್ಳತೊಡಗಿದವು, ಹೊಲಿಯುವವರು ಬಟ್ಟೆಯ ಅಂಚು ಮಡಚಿದ ಹಾಗೆ. ಅರ್ಧ ಬಾಯಿ ಇದಕ್ಕೆ, ಅರ್ಧ ಅದಕ್ಕೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಹುಡುಕಿದೆ, ಸಿಗಲಿಲ್ಲ. ಎರಡೂ ಹಳೆಯವೇ, ಎರಡೂ ಆಗಷ್ಟೇ ಹುಟ್ಟಿದವು. ಇಷ್ಟು ವಯಸ್ಸಾದ ಮೇಲೆ ಇಂಥದ್ದೊಂದು ಕಣ್ಣೆದುರೇ ನಡೆಯಿತಲ್ಲ.

"ಆಯ್ತು ಕಣೋ" ಎಂದೆ.

ತಮ್ಮ ತಲೆ ಎತ್ತಲಿಲ್ಲ. ಮಂಚದಿಂದ ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ತಡವರಿಸಿ, ತೊಟ್ಟಿಯ ಗಾಜಿಗೆ ಅಂಗೈ ಒತ್ತಿ ಹಿಡಿದ. ನೆಲದ ಮೇಲೆ ಮಲಗಿದ್ದವಳು ಕೆನ್ನೆ ಒರೆಸಿಕೊಂಡಳು. ಅವಳ ಕೆನ್ನೆಯ ಮೇಲಿದ್ದುದು ಯಾರ ಕಣ್ಣೀರೆಂದು ನಾನು ಕೇಳಲಿಲ್ಲ. ಗಾಜಿನಾಚೆ ಬಲಗಡೆಯ ತುಂಡು ಮೊದಲ ಬೆರಳನ್ನು ಬಿಚ್ಚಿ ಅವನ ಅಂಗೈಯ ಕಡೆಗೆ ಚಾಚಿತ್ತು. ಬೆಳಕಿಗಾಗಿ ಚಾಚಿದ್ದೇ ಇರಬೇಕು. ಅದನ್ನೂ ಅವನಿಗೆ ಹೇಳಿದೆ.