ದರ್ಜಿಯ ದೋಣಿ

ನನ್ನ ಷಡ್ಡಕ ಯಾರನ್ನೇ ಕಂಡರೂ ಮೊದಲು ನೋಡುವುದು ಮುಖವನ್ನಲ್ಲ, ಭುಜವನ್ನು. ನಲವತ್ತು ವರ್ಷ ದರ್ಜಿಯಾಗಿ ದುಡಿದವನ ಕಣ್ಣು ಎದುರು ಬಂದವರ ಭುಜದ ಇಳಿಜಾರಿನಿಂದ ಹೊರಟು, ತೋಳಿನ ಉದ್ದವನ್ನು ಅಳೆದು, ಪ್ಯಾಂಟಿನ ಅಂಚಿನವರೆಗೆ ಇಳಿದು, ಅಲ್ಲೊಂದು ಸಡಿಲ ಹೊಲಿಗೆ ಸಿಕ್ಕಿದರೆ ಅಲ್ಲೇ ಬಿಡಾರ ಹೂಡಿ, ಆಮೇಲೆ ಪುರಸೊತ್ತಾದರೆ ಮುಖಕ್ಕೆ ಬರುತ್ತದೆ. ಅಕ್ಕನನ್ನು ನಾನು, ತಂಗಿಯನ್ನು ಅವನು ಮದುವೆಯಾಗಿ ನಾವು ಸಂಬಂಧಿಗಳಾದೆವು. ಮೊದಲ ಭೇಟಿಯಲ್ಲಿ ಕುಶಲವನ್ನೂ ಕೇಳದೆ ಅವನು ಹೇಳಿದ್ದು, ನನ್ನ ಎಡಭುಜ ಅರ್ಧ ಇಂಚು ಕೆಳಗಿದೆ ಎಂದು. ಅಂದಿನಿಂದ ನಾನು ಕನ್ನಡಿಯ ಮುಂದೆ ನೆಮ್ಮದಿಯಾಗಿ ನಿಂತದ್ದಿಲ್ಲ.

ಹೊಲಿಗೆ ಯಂತ್ರ ತುಳಿದು ತುಳಿದು ಅವನ ಬಲಗಾಲು ನಡೆಯುವಾಗಲೂ ಒಂದು ಸಲ ಸುಮ್ಮನೆ ಕುಣಿದೇ ನೆಲ ಮುಟ್ಟುತ್ತದೆ. ಮೈಮೇಲೆ ಸದಾ ಬೂದುಬಣ್ಣದ ಕೋಟು. ಅದು ಯಾವನೋ ಗಿರಾಕಿ ಅಳತೆ ಕೊಟ್ಟುಹೋಗಿ ಮರಳಿ ಬಾರದೆ ಉಳಿದದ್ದು. ಊರಿಗೆಲ್ಲ ಮೈಗೊಪ್ಪುವಂತೆ ಹೊಲಿದವನು ಬೇರೊಬ್ಬನ ಅಳತೆಯೊಳಗೆ, ತೋಳನ್ನು ಎರಡು ಮಡಿಕೆ ಮಡಚಿಕೊಂಡು ಬದುಕುತ್ತಾನೆ. ಇನ್ನು ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು, "ಬಿಚ್ಚಿ ನೋಡೋಣ." ನಲ್ಲಿ ಸೋರಿದರೂ, ರೇಡಿಯೊ ಗೊರಗುಟ್ಟಿದರೂ, ನೆಂಟರಲ್ಲಿ ಮನಸ್ತಾಪ ಬಂದರೂ ಅವನ ಪರಿಹಾರ ಅದೊಂದೇ. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಬಹುದು ಎಂಬುದು ಅವನ ವೇದಾಂತ. ರೇಡಿಯೊ ಅದನ್ನು ಒಪ್ಪಲಿಲ್ಲ, ಅವತ್ತಿನಿಂದ ಮೌನ ಹಿಡಿದಿದೆ.

ಅರವತ್ತಾರನೆಯ ವಯಸ್ಸಿನಲ್ಲಿ ಅವನ ಕೈ ನಡುಗತೊಡಗಿತು. ಮೊದಲು ಸೂಜಿಗೆ ದಾರ ಪೋಣಿಸುವುದು ನಿಂತಿತು, ಆಮೇಲೆ ಕತ್ತರಿ ಗೆರೆ ತಪ್ಪಿತು, ಒಂದು ದಿನ ಒಳ್ಳೆಯ ಬಟ್ಟೆಯೊಂದನ್ನು ಅಡ್ಡಾದಿಡ್ಡಿ ಕತ್ತರಿಸಿದವನು ಅಂಗಡಿಯ ಬಾಗಿಲೆಳೆದು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಅದೇ ಕಾಲಕ್ಕೆ, ಕೆರೆಯಲ್ಲಿ ದೋಣಿ ಬಾಡಿಗೆಗೆ ಬಿಡುತ್ತಿದ್ದ ಅವನ ಹಳೆಯ ಗಿರಾಕಿಯೊಬ್ಬ ವ್ಯಾಪಾರ ಮುಚ್ಚುತ್ತ, ತಳ ಸೋರುವ ಅಲ್ಯೂಮಿನಿಯಂ ದೋಣಿಯೊಂದನ್ನು ಯಾರಾದರೂ ಹೊತ್ತುಕೊಂಡು ಹೋದರೆ ಸಾಕು ಎಂದ. ಈಜು ಬಾರದ, ಹುಟ್ಟು ಹಿಡಿದೇ ಗೊತ್ತಿಲ್ಲದ ನನ್ನ ಷಡ್ಡಕ ಅದನ್ನು ಹಿತ್ತಲಿಗೆ ತರಿಸಿ ನನಗೆ ಹೇಳಿಕಳಿಸಿದ.

"ಸೂಜಿ ಹಿಡಿಯೋಕಾಗಲ್ಲ, ಸುತ್ತಿಗೆ ಹಿಡಿಬಹುದು ಭಾವ," ಎಂದ. ದೋಣಿಯ ಅಂಚು ಸವರುತ್ತ ಮತ್ತೆ, "ಇದೂ ಆಗ್ಲಿಲ್ಲ ಅಂದ್ರೆ ಈ ಕೈ ಇಟ್ಕೊಂಡು ನಾನೇನ್ ಮಾಡ್ಲಿ?"

ಅದಕ್ಕೇ ಅವನ ಜೊತೆ ದುಡಿಯಲು ಒಪ್ಪಿಕೊಂಡೆ.

ದೋಣಿಯನ್ನು ಎರಡು ಬೆಂಚುಗಳ ಮೇಲಿಟ್ಟು, ಒಳಗೆ ನೀರು ತುಂಬಿ, ಕೆಳಗೆ ಅಂಗಾತ ಮಲಗಿ, ಹನಿ ಜಿನುಗಿದಲ್ಲೆಲ್ಲ ದರ್ಜಿಯ ಸೀಮೆಸುಣ್ಣದಿಂದ ಗುರುತು ಹಾಕಿದ. ಎರಡು ತಗಡುಗಳನ್ನು ಕೂಡಿಸಿದ ಅಂಚಿನುದ್ದಕ್ಕೂ ರಿವೆಟ್ ಮೊಳೆಗಳು ಸಡಿಲವಾಗಿದ್ದವು. ಅವನ ಕಣ್ಣಿಗೆ ಅದು ಹೊಲಿಗೆಯಾಗಿ ಕಂಡಿತು. ಹೊಲಿಗೆ ಕೆಟ್ಟರೆ ಏನು ಮಾಡಬೇಕೆಂಬುದು ಅವನಿಗೆ ಗೊತ್ತಿತ್ತು. ಒಂದು ವಾರ ಡ್ರಿಲ್ ಹಿಡಿದು ಕೂತು ಈ ತುದಿಯಿಂದ ಆ ತುದಿಯವರೆಗೆ ತೊಂಬತ್ತು ರಿವೆಟ್‌ಗಳನ್ನೂ ಕಿತ್ತುಹಾಕಿದ. ಕೊನೆಯದು ಬಂದ ಕ್ಷಣ ದೋಣಿ ಟಣ್ಣೆಂದಿತು. ಮೂವತ್ತು ವರ್ಷ ಬಿಗಿದಪ್ಪಿದ್ದ ತಗಡುಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ತಲೆಗೊಂದು ದಿಕ್ಕು ಹಿಡಿದವು. ತೂತಿಗೆ ತೂತು ಕೂಡಲಿಲ್ಲ. ವೆಲ್ಡಿಂಗ್ ಅಂಗಡಿಯವನು ಬಂದು ತಗಡುಗಳನ್ನು ಎಳೆದೆಳೆದು ನೋಡಿದ. "ಒಂದು ತೆಗೆದು ಒಂದು ಹಾಕ್ಬೇಕಿತ್ತು ಯಜಮಾನ್ರೇ," ಎಂದ ಕೊನೆಗೆ, "ಇದು ಬಟ್ಟೆ ಅಲ್ಲ."

ಆ ತಗಡುಗಳನ್ನು ಕ್ಲ್ಯಾಂಪು ಹಾಕಿ ಎಳೆದು, ತೂತುಗಳನ್ನು ಒಂದು ಕೂದಲಿನಷ್ಟು ದೊಡ್ಡದು ಮಾಡಿ, ದಪ್ಪನೆಯ ರಿವೆಟ್ ಹುಡುಕಿ ತರುವಷ್ಟರಲ್ಲಿ ಎರಡು ತಿಂಗಳು ಸವೆದವು. ರಿವೆಟ್ ಬಡಿಯುವುದು ಒಬ್ಬರ ಕೆಲಸವಲ್ಲ. ಹೊರಗಿನವನು ಅದರ ತಲೆಗೆ ಹೊಡೆಯುವಾಗ ಒಳಗಿನವನು ಬಾಲಕ್ಕೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಆಗ ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಅಂಗಡಿಯ ಹಳೆಯ ಇಸ್ತ್ರಿಪೆಟ್ಟಿಗೆಯೇ ನಮ್ಮ ಕಬ್ಬಿಣ. ಪಕ್ಕಕ್ಕೆ ವಾಲಿಸಿದ ದೋಣಿಯೊಳಗೆ ಮುದುರಿ ಕೂತು ಅದನ್ನು ಹಿಡಿಯುವ ಭಾಗ್ಯ ನನ್ನದು. ಬಿಸಿಲಿಗೆ ತಗಡು ಕಾಯುತ್ತಿತ್ತು, ಸೊಂಟ ಮರಗಟ್ಟುತ್ತಿತ್ತು, ಒಂದೊಂದು ಏಟೂ ಹಲ್ಲಿನ ಬುಡಕ್ಕೆ ಇಳಿಯುತ್ತಿತ್ತು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ ಎಂದು ನನ್ನ ಹೆಂಡತಿ ಸಂಜೆ ಬೆನ್ನಿಗೆ ಎಣ್ಣೆ ತಿಕ್ಕುತ್ತ ಅನ್ನುತ್ತಿದ್ದಳು. ನನಗೆ ನಿಜಕ್ಕೂ ಸಾಕಾಗಿತ್ತು. ಅವನಿಗೂ ಸಾಕಾಗಿತ್ತು, ಆದರೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಇತ್ತ ಅವನ ಹೆಂಡತಿ, ನನ್ನ ನಾದಿನಿ, ಬಟ್ಟೆ ಒಣಹಾಕಲು ಜಾಗವಿಲ್ಲದೆ ರೋಸಿಹೋಗಿ, ತಿಂಗಳು ಮುಗಿಯುವುದರೊಳಗೆ ಅದು ನೀರಿಗಾದರೂ ಹೋಗಬೇಕು, ಗುಜರಿಗಾದರೂ ಹೋಗಬೇಕು ಎಂದು ಗಡುವು ಹಾಕಿದ್ದಳು. ಗಡುವಿಗೆ ಒಂಬತ್ತು ದಿನ ಉಳಿದಿತ್ತು, ಮೂವತ್ತು ರಿವೆಟ್ ಕೂಡ ಕೂತಿರಲಿಲ್ಲ. ಅವನ ಸುತ್ತಿಗೆ ಎರಡು ಸಲ ರಿವೆಟ್ಟಿನ ತಲೆಗೆ ಬಿದ್ದರೆ ಮೂರನೆಯ ಸಲ ತಗಡಿಗೆ ಬೀಳುತ್ತಿತ್ತು. ಒಳಗೆ ಕೂತ ನನಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಆ ಮಧ್ಯಾಹ್ನ ಒಂದೇ ಜಾಗದಲ್ಲಿ ನಾಲ್ಕು ತಗ್ಗು ಬಿದ್ದ ಮೇಲೆ ಸದ್ದು ನಿಂತಿತು. ಕತ್ತು ಹೊರಹಾಕಿ ನೋಡಿದರೆ, ಅವನು ಕಲ್ಲಿನ ಮೇಲೆ ಕೂತು ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡಿದ್ದ. ಎರಡೂ ನಡುಗುತ್ತಿದ್ದವು. ಗುಜರಿಯವನಿಗೆ ಹೇಳಿಕಳಿಸಿ ಎಂದ, ನನ್ನ ಕಡೆ ನೋಡದೆ.

ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ನಾದಿನಿ ಒದ್ದೆಗೈ ಒರೆಸಿಕೊಳ್ಳುತ್ತ ಬಂದಳು. ನೆಲದ ಮೇಲಿದ್ದ ಸುತ್ತಿಗೆ ಎತ್ತಿಕೊಂಡಳು.

"ರೀ, ನೀವು ದೋಣಿ ಒಳಗೆ ಹೋಗಿ."

"ನಿಂಗೆ ಬರುತ್ತಾ?"

"ನಿಮ್ಮ ಅಂಗಡಿ ಕಾಜಾ ಗುಂಡಿ ಎಲ್ಲಾ ಯಾರ್ ಮಾಡಿದ್ದು? ಒಂದಾದ್ರೂ ಅತ್ತಿತ್ತ ಆಗಿತ್ತಾ?"

ಅವನು ಎದ್ದ. ಆಮೇಲೆ ಕೋಟು ಕಳಚಿ ಬೆಂಚಿನ ಮೇಲಿಟ್ಟು, ನಾನು ಸೊಂಟ ಹಿಡಿದುಕೊಂಡು ಹೊರಬಂದ ಜಾಗಕ್ಕೆ ನುಸುಳಿ, ಇಸ್ತ್ರಿಪೆಟ್ಟಿಗೆಯನ್ನು ಎದೆಗೂ ಮೊಣಕಾಲಿಗೂ ನಡುವೆ ಕೊಟ್ಟು ಇಡೀ ಮೈಭಾರದಿಂದ ತಗಡಿಗೆ ಒತ್ತಿದ. ಅಲ್ಲಿ ಬೇಕಾದದ್ದು ಭಾರ; ಬೆರಳು ನಡುಗಿದರೂ ಅಡ್ಡಿಯಿರಲಿಲ್ಲ. ಅವಳು ಹೊಡೆದಳು. ಮೊದಲ ನಾಲ್ಕೈದು ಸೊಟ್ಟಗಾದವು, ಆಮೇಲೆ ಒಂದೂ ತಪ್ಪಲಿಲ್ಲ. ಒಳಗಿನಿಂದ "ಹೂಂ" ಎಂದಾಗ ಏಟು, ಏಟಾದ ಮೇಲೆ ಮತ್ತೆ "ಹೂಂ". ಅಷ್ಟು ಬಿಟ್ಟು ಅವರು ಎಂಟು ದಿನ ಏನೂ ಮಾತಾಡಲಿಲ್ಲ.

ದೋಣಿ ನೀರಿಗಿಳಿಯಿತು. ಎರಡು ಕಡೆ ಜಿನುಗುತ್ತದೆ. ಅವಳು ಚೊಂಬಿನಲ್ಲಿ ಮೊಗೆದು ಚೆಲ್ಲುತ್ತಾಳೆ, ದಡದಿಂದ ಹತ್ತು ಮಾರು ಹೋಗಿ ಇಬ್ಬರೂ ಸುಮ್ಮನೆ ಕೂತು ವಾಪಸು ಬರುತ್ತಾರೆ.

ಕಸುಬುದಾರನನ್ನು ಲೋಕ ಗುರುತಿಸುವುದು ಅವನ ಕೈಯಿಂದ. ಅವನೂ ತನ್ನನ್ನು ಹಾಗೆಯೇ ಗುರುತಿಸಿಕೊಂಡಿರುತ್ತಾನೆ, ಆದ್ದರಿಂದ ಕೈ ಸೋತ ದಿನ ತಾನೇ ಮುಗಿದೆನೆಂದು ಗೋಡೆಗೆ ಮುಖ ಮಾಡುತ್ತಾನೆ. ಇಂಥವರ ದಣಿವಿಗೆ ವಿಶ್ರಾಂತಿ ಮದ್ದಲ್ಲ. ಹೊರಗೆ ಹೊಡೆಯುವವರ ಹೆಸರಾಗಲೆಂದು ಒಳಗೆ ಕಾಣದಂತೆ ಕೂತು, ಏಟು ಬೀಳುವ ಜಾಗಕ್ಕೆ ಮೈಯೊಡ್ಡಿ ಹಿಡಿಯುವುದೂ ಒಂದು ಕಸುಬೇ ಎಂದು ತಿಳಿಯಲು ಅವರಿಗೆ ಅರವತ್ತಾರು ವರ್ಷ ಬೇಕಾಗುತ್ತದೆ. ಅವರ ಹೆಂಡಂದಿರು ಅದನ್ನು ಮದುವೆಯಾದ ವರ್ಷವೇ ಕಲಿತಿರುತ್ತಾರೆ.